ಊರಿನ ಉದ್ಯೋಗ–ನಿರುದ್ಯೋಗದ ಲೆಕ್ಕ ಹಿಡಿಯುವುದು ಹೇಗೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ ಹಳ್ಳಿಗಳಿಗೆ ಒಂದು ಕೈಪಿಡಿ

ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಮೇ ತಿಂಗಳಲ್ಲಿ ಸಮೀಕ್ಷೆ ಮಾಡಿದರೆ ಸಿಗುವ ನಿರುದ್ಯೋಗದ ಶೇಕಡಾವಾರು ಒಂದು, ನವೆಂಬರ್‌ನಲ್ಲಿ ಮಾಡಿದರೆ ಸಿಗುವುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಅವುಗಳಲ್ಲಿ ಒಂದನ್ನೇ ಹಿಡಿದು 'ನಮ್ಮೂರಾಗ ನಿರುದ್ಯೋಗ ಇಷ್ಟು' ಎಂದು ಬರೆದರೆ ಅದು ಸುಳ್ಳಾಗುತ್ತದೆ. ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು, ಪ್ರಾಜೆಕ್ಟ್ ಬರೆಯುವ ಪದವಿ ವಿದ್ಯಾರ್ಥಿಗಳು ತಮ್ಮ ಊರಿನ ಲೆಕ್ಕವನ್ನು ತಾವೇ ಹಿಡಿಯಲು ಬೇಕಾದಷ್ಟು ವಿವರ ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಈ ಭಾಗದಲ್ಲಿ ಕೆಲಸ ಇಲ್ಲದ ತಲೆಗಳನ್ನು ಎಣಿಸಿದರೆ ಸಾಲದು. ಕೆಲಸ ಸಿಗದ ದಿನಗಳನ್ನೂ ಊರಲ್ಲಿ ಇಲ್ಲದ ಮಂದಿಯನ್ನೂ ಎಣಿಸಬೇಕು.

ಅಳತೆಗೋಲು ಯಾವುದು

ಕೇಂದ್ರದ ಅಂಕಿಅಂಶ ಕಚೇರಿ 2017ರ ಏಪ್ರಿಲ್‌ನಿಂದ ನಡೆಸುತ್ತಿರುವ ಆವರ್ತಕ ಕಾರ್ಮಿಕ ಶಕ್ತಿ ಸಮೀಕ್ಷೆಯಲ್ಲಿ, ಅಂದರೆ ಪಿಎಲ್‌ಎಫ್‌ಎಸ್‌ನಲ್ಲಿ, ಎರಡು ಮುಖ್ಯ ಅಳತೆಗಳಿವೆ. ಮೊದಲನೆಯದು ವಾಡಿಕೆಯ ಸ್ಥಿತಿ. ಹಿಂದಿನ 365 ದಿನಗಳಲ್ಲಿ ಹೆಚ್ಚು ಕಾಲ ದುಡಿದರೆ ಅಥವಾ ಉಪವೃತ್ತಿಯಾಗಿ ಕನಿಷ್ಠ 30 ದಿನ ದುಡಿದರೆ ಆತ ಉದ್ಯೋಗಿ. ಎರಡನೆಯದು ವಾರದ ಸ್ಥಿತಿ. ಹಿಂದಿನ 7 ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದೇ ಒಂದು ಗಂಟೆ ಕೆಲಸ ಮಾಡಿದ್ದರೂ ಉದ್ಯೋಗಿ. ಒಂದು ಗಂಟೆಯೂ ಮಾಡದೆ ಕೆಲಸ ಹುಡುಕಿದವರು, ಇಲ್ಲವೇ ಸಿಕ್ಕರೆ ಮಾಡಲು ತಯಾರಿದ್ದವರು ಮಾತ್ರ ನಿರುದ್ಯೋಗಿಗಳು.

ಈ ಜರಡಿಯ ಕಣ್ಣು ಎಷ್ಟು ಸಡಿಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಸರ್ಕಾರಿ ಅಂಕಿ ಓದಬೇಕು. ದೇಶದ ಗ್ರಾಮೀಣ ನಿರುದ್ಯೋಗ ವಾಡಿಕೆಯ ಸ್ಥಿತಿಯಲ್ಲಿ 2017–18ರಲ್ಲಿ ಶೇ 5.3 ಇದ್ದದ್ದು 2023–24ಕ್ಕೆ ಶೇ 2.5 ಆಯಿತು. ಅದೇ ಅವಧಿಯಲ್ಲಿ 15 ವರ್ಷ ದಾಟಿದ ಗ್ರಾಮೀಣ ಮಹಿಳೆಯರಲ್ಲಿ ದುಡಿಮೆಗೆ ಬಂದವರ ಪಾಲು ಶೇ 24.6ರಿಂದ 47.6ಕ್ಕೆ ಏರಿತು. ಈ ಏರಿಕೆಯಲ್ಲಿ ಪಗಾರದ ನೌಕರಿಯ ಪಾಲು ಸಣ್ಣದು, ಸ್ವಂತ ದುಡಿಮೆಯೂ ಮನೆಯ ಹೊಲ–ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವ ಕೆಲಸವೂ ದೊಡ್ಡವು. ಹಾಗಾಗಿ ಶೇ 2.5 ಎಂದರೆ ಉಳಿದ ಶೇ 97.5 ಮಂದಿಗೆ ಹೊಟ್ಟೆ ತುಂಬುವಷ್ಟು ಕೆಲಸವಿದೆ ಎಂದಲ್ಲ. ಬಡವನಿಗೆ ಪೂರ್ತಿ ನಿರುದ್ಯೋಗಿಯಾಗಿ ಕೂರುವ ಶಕ್ತಿ ಇರುವುದಿಲ್ಲ, ಸಿಕ್ಕಿದ್ದು ಮಾಡುತ್ತಾನೆ.

ನಿಮ್ಮ ಊರಿಗೆ ಮೂರನೆಯ ಅಳತೆಯೊಂದು ಬೇಕೇ ಬೇಕು. ಅದು ದಿನದ ಲೆಕ್ಕ. ಒಬ್ಬೊಬ್ಬರಿಗೂ 7 ದಿನಕ್ಕೆ 14 ಅರೆದಿನದ ಖಾನೆ ಹಾಕಿ. 4 ಗಂಟೆಗಿಂತ ಹೆಚ್ಚು ದುಡಿದರೆ ಎರಡೂ ಖಾನೆ ತುಂಬಿ, 1ರಿಂದ 4 ಗಂಟೆಯಾದರೆ ಒಂದು ತುಂಬಿ. ಖಾಲಿ ಉಳಿದ ಖಾನೆಗೆ 'ಸಿಕ್ಕಿದ್ದರ ಹೋಗ್ತಿದ್ರೇನ್ರಿ?' ಎಂದು ಕೇಳಿ, ಹೌದಾದರೆ 'ನಿ' (ನಿರುದ್ಯೋಗ), ಇಲ್ಲವಾದರೆ ಅಡ್ಡಗೆರೆ.

ಯಾವಾಗ ಹೋಗಬೇಕು

ವರ್ಷಕ್ಕೆ ಕನಿಷ್ಠ ಎರಡು ಸುತ್ತು, ಸಾಧ್ಯವಾದರೆ ನಾಲ್ಕು. ಎರಡೇ ಆದರೆ ಮೇ ತಿಂಗಳ ಎರಡನೇ ವಾರ ಮತ್ತು ಅಕ್ಟೋಬರ್ ಕೊನೆ. ಮೇ ತಿಂಗಳಲ್ಲಿ ಹಿಂಗಾರಿ ರಾಶಿ ಮುಗಿದಿರುತ್ತದೆ, ಕಬ್ಬು ಕಡಿಯಲು ಹೋದ ಗ್ಯಾಂಗಿನವರು ಮರಳಿರುತ್ತಾರೆ, ಮುಂಗಾರಿ ಬಿತ್ತನೆ ಶುರುವಾಗಿರುವುದಿಲ್ಲ. ಒಣಬೇಸಾಯದ ಊರಿನ ಅತಿ ಬಿಗಿಯಾದ ತಿಂಗಳು ಅದು. ಅಕ್ಟೋಬರ್ ಕೊನೆಯಲ್ಲಿ ಬಿಳಿಜೋಳ, ಕಡಲೆ ಬಿತ್ತನೆ ನಡೆದಿರುತ್ತದೆ, ತಿಕೋಟಾ ಕಡೆ ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಆಗುತ್ತಿರುತ್ತದೆ, ಮುಧೋಳ, ಜಮಖಂಡಿ, ಅಥಣಿ, ರಾಯಬಾಗ ಭಾಗದಲ್ಲಿ ಕಾರ್ಖಾನೆಗಳು ಕಬ್ಬು ಅರೆಯಲು ತಯಾರಾಗಿರುತ್ತವೆ. ನಾಲ್ಕು ಸುತ್ತು ಮಾಡುವವರು ಜನವರಿ ಮತ್ತು ಆಗಸ್ಟ್ ಸೇರಿಸಿಕೊಳ್ಳಿ.

ನೀರಾವರಿ ಊರಿಗೂ ಒಣಬೇಸಾಯದ ಊರಿಗೂ ಒಂದೇ ಪಂಚಾಂಗ ಹೊಂದುವುದಿಲ್ಲ. ದ್ರಾಕ್ಷಿ ಇರುವ ಊರಲ್ಲಿ ಏಪ್ರಿಲ್ ಚಾಟ್ನಿಗೆ, ಮಣೂಕ (ಒಣದ್ರಾಕ್ಷಿ) ಮಾಡುವ ಶೆಡ್ಡಿಗೆ ಆಳು ಸಾಲದೆ ಪಕ್ಕದೂರಿನಿಂದ ಟಂಟಂನಲ್ಲಿ ತುಂಬಿಕೊಂಡು ಬರುತ್ತಾರೆ. ಅದೇ ವಾರ ಹತ್ತು ಕಿಲೋಮೀಟರ್ ಆಚೆಯ ಊರಲ್ಲಿ ಕಟ್ಟೆಯ ಮೇಲೆ ಮಂದಿ ಖಾಲಿ ಕುಳಿತಿರುತ್ತಾರೆ.

ವಾರ ಆರಿಸುವಾಗ ಜಾಗ್ರತೆ ಬೇಕು. ಕೇಳುವ 7 ದಿನಗಳೊಳಗೆ ಎಳ್ಳ ಅಮಾವಾಸ್ಯೆ, ಕಾರ ಹುಣ್ಣಿಮೆ, ಊರ ಜಾತ್ರೆ ಅಥವಾ ಸಂಕ್ರಮಣದ ಹೊತ್ತಿನ ವಿಜಯಪುರದ ಸಿದ್ಧೇಶ್ವರ ಜಾತ್ರೆ ಬಿದ್ದರೆ ದುಡಿದ ದಿನ ಕಡಿಮೆ ಬರುತ್ತದೆ, ಅದು ನಿರುದ್ಯೋಗವಲ್ಲ. ಬಾದಾಮಿ ಸುತ್ತಲಿನವರು ಬನಶಂಕರಿ ಜಾತ್ರೆಯ ವಾರಗಳನ್ನು ಬಿಟ್ಟುಬಿಡಿ. ಸಂತೆಯ ದಿನವಂತೂ ಯಾರೂ ಕೈಗೆ ಸಿಗುವುದಿಲ್ಲ.

ಯಾರ ಮನೆಗೆ

500 ಮನೆಯ ಊರಾದರೆ 80 ಮನೆ ಸಾಕು. 15 ದಾಟಿದವರು ಸುಮಾರು 240 ಮಂದಿ ಸಿಗುತ್ತಾರೆ. ಪಂಚಾಯಿತಿಯ ಮನೆ ತೆರಿಗೆ ಪಟ್ಟಿಯನ್ನೇ ಆಧಾರ ಮಾಡಿಕೊಂಡರೆ ಎರಡು ಕಡೆ ಏಟು ಬೀಳುತ್ತದೆ: ಹೊಲದಲ್ಲೇ ಮನೆ ಮಾಡಿಕೊಂಡಿರುವ ತೋಟದ ವಸ್ತಿಗಳು ಬಿಟ್ಟುಹೋಗುತ್ತವೆ, ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದರೂ ಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದೇ ಮನೆ ಇರುತ್ತದೆ. ಆದ್ದರಿಂದ ಮೊದಲ ದಿನ ಓಣಿ ಓಣಿ ತಿರುಗಿ ಒಲೆಯ ಲೆಕ್ಕದಲ್ಲಿ ಪಟ್ಟಿ ಮಾಡಿ. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ.

ಪಟ್ಟಿಯನ್ನು ನಾಲ್ಕು ಗುಂಪು ಮಾಡಿ: ಭೂಮಿ ಇಲ್ಲದವರು, ಒಣಭೂಮಿ ಇರುವವರು, ನೀರಾವರಿ ಇರುವವರು, ನೇಕಾರಿಕೆ–ಅಂಗಡಿ–ಪಗಾರದವರು. ತಾಂಡಾ ಇದ್ದರೆ ಅದನ್ನು ಬೇರೆ ಗುಂಪಾಗಿಯೇ ಇಡಿ. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಗುಳೆ ಹೋಗುವವರು ಬಹಳ, ಊರೊಳಗಿನ ಮನೆಗಳ ಜೊತೆ ಕಲಸಿದರೆ ಅವರ ಪರಿಸ್ಥಿತಿ ಸರಾಸರಿಯಲ್ಲಿ ಕರಗಿಹೋಗುತ್ತದೆ. ಪ್ರತಿ ಗುಂಪಿನಿಂದ ಅದರ ಗಾತ್ರಕ್ಕೆ ತಕ್ಕಷ್ಟು ಮನೆಗಳನ್ನು ಚೀಟಿ ಎತ್ತಿ ಆರಿಸಿ, ಇಲ್ಲವೇ ಪ್ರತಿ ಆರನೇ ಮನೆ ಹಿಡಿಯಿರಿ. ಅಗಸಿ ಬಾಗಿಲ ಹತ್ತಿರ ಸಿಕ್ಕವರನ್ನೇ ಕೇಳುತ್ತ ಹೋದರೆ ಅಲ್ಲಿ ಕೆಲಸವಿಲ್ಲದೆ ಕುಳಿತವರೇ ಸಿಗುತ್ತಾರೆ, ಲೆಕ್ಕ ವಾಲುತ್ತದೆ.

ಒಂದು ಮನೆಗೆ 20–25 ನಿಮಿಷ ಹಿಡಿಯುತ್ತದೆ. ಮುಂಜಾನೆ ಆರೂವರೆಯಿಂದ ಒಂಬತ್ತು, ರಾತ್ರಿ ಏಳರಿಂದ ಒಂಬತ್ತು: ಇಷ್ಟೇ ಹೊತ್ತು ಎಲ್ಲರೂ ಮನೆಯಲ್ಲಿರುವುದು. ಒಬ್ಬರು ದಿನಕ್ಕೆ 8 ಮನೆ ಮುಗಿಸಿದರೆ ಹೆಚ್ಚು. ನಾಲ್ವರಿದ್ದರೆ ಮೂರು ದಿನದಲ್ಲಿ ಸುತ್ತು ಮುಗಿಯುತ್ತದೆ.

ಪ್ರಶ್ನೆ ಕೇಳುವ ರೀತಿ

ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲಿಯೇ. 'ನೀವು ಏನ್ ಕೆಲಸ ಮಾಡ್ತೀರಿ?' ಎಂದರೆ ಮನೆಯ ಹೆಣ್ಣುಮಗಳ ಉತ್ತರ ಗೊತ್ತೇ ಇದೆ: 'ಏನಿಲ್ರಿ, ಮನ್ಯಾಗ ಇರ್ತೀನ್ರಿ.' ಹಾಗೆಯೇ ಬರೆದುಕೊಂಡು ಬಂದರೆ ಅರ್ಧ ಊರಿನ ದುಡಿಮೆ ಕಾಗದದಿಂದ ಮಾಯ. ಬದಲಿಗೆ ಕೆಲಸದ ಹೆಸರು ಹಿಡಿದು ಒಂದೊಂದಾಗಿ ಕೇಳಿ:

'ಅಕ್ಕಾರ, ಹೋದ ಏಳು ದಿನದಾಗ ಯಾರದರ ಹೊಲಕ್ಕ ಕಸ ತಗಿಯಾಕ ಹೋಗಿದ್ರೇನ್ರಿ?'
'ಎರಡು ದಿನ ಹೋಗಿದ್ನಿ.'
'ಕೂಲಿಗೇನ್ರಿ, ಮುಯ್ಯಿಗೇನ್ರಿ?'
'ಒಂದಿನ ಕೂಲಿ, ಒಂದಿನ ಮುಯ್ಯಿ.'
'ಎಮ್ಮಿ ಹಿಂಡಾವರು ಯಾರ್ರಿ?'
'ನಾನಽ ಹಿಂಡತೀನ್ರಿ, ಡೇರಿಗೆ ಇವರು ಹಾಕಿ ಬರ್ತಾರ.'

ಮುಯ್ಯಿ ಎಂದರೆ ದುಡ್ಡಿಲ್ಲದೆ ಆಳಿಗೆ ಆಳು ದುಡಿಯುವುದು. ಡೇರಿ ಪಾಸ್‌ಬುಕ್ ಗಂಡನ ಹೆಸರಿನಲ್ಲಿರುತ್ತದೆ, ಹಿಂಡುವುದು, ಮೇವು ಹಾಕುವುದು, ಸಗಣಿ ಬಳಿಯುವುದು ಇವರು. ಹಾಲು ಮಾರುವ ಎಮ್ಮೆಯ ಚಾಕರಿ ಲೆಕ್ಕಕ್ಕೆ ಬರುವ ಕೆಲಸ. ಸ್ವಂತ ಹೊಲದ ಕೆಲಸವೂ ಅಷ್ಟೇ, ಬೆಳೆದದ್ದು ಪೂರ್ತಿ ಮನೆಗೇ ಆದರೂ. ಆದರೆ ಮನೆಯವರಿಗೆ ರೊಟ್ಟಿ ಬಡಿಯುವುದು ಸಮೀಕ್ಷೆಯ ಲೆಕ್ಕದಲ್ಲಿ ಉದ್ಯೋಗವಲ್ಲ. ಅದೇ ಕೈ ಖಾನಾವಳಿಗೆ ಖಡಕ್ ರೊಟ್ಟಿ ಬಡಿದು ಕೊಟ್ಟರೆ ಉದ್ಯೋಗ. ಕಟ್ಟಿಗೆ, ಕುಳ್ಳು ಆರಿಸಿ ತರುವವರಿಗೆ ಪಿಎಲ್‌ಎಫ್‌ಎಸ್‌ನಲ್ಲಿ 93 ಎಂಬ ಬೇರೆ ಸಂಕೇತವಿದೆ, ಅವರನ್ನು ದುಡಿಯುವವರ ಸಾಲಿಗೆ ಸೇರಿಸುವುದಿಲ್ಲ. ಈ ಗೆರೆ ನ್ಯಾಯವೇ ಎಂದು ಜಗಳ ಮಾಡಬಹುದು, ಮಾಡಲೂಬೇಕು. ಆದರೆ ನಿಮ್ಮ ಅಂಕಿಯನ್ನು ರಾಜ್ಯದ ಅಂಕಿಯ ಜೊತೆ ಇಟ್ಟು ನೋಡಬೇಕಾದರೆ ಅದೇ ಗೆರೆ ಹಾಕಿಕೊಳ್ಳಿ, 93ರವರನ್ನು ಬೇರೆ ಖಾನೆಯಲ್ಲಿ ಬರೆದಿಡಿ.

ಕೆಲಸದ ಬಗೆಗೆ ಇಷ್ಟು ಸಂಕೇತ ಸಾಕು: 11 ಸ್ವಂತ ದುಡಿಮೆ, 12 ಆಳಿಟ್ಟು ಮಾಡಿಸುವವರು, 21 ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು, 31 ಪಗಾರ, 42 ಉದ್ಯೋಗ ಖಾತ್ರಿ ಕೂಲಿ, 51 ಉಳಿದ ಕೂಲಿ, 81 ಕೆಲಸ ಹುಡುಕುವವರು, 91 ಓದುವವರು, 92 ಮನೆಗೆಲಸ ಮಾತ್ರ. ಹೊಲ ಲಾವಣಿಗೆ (ಗೇಣಿಗೆ) ಮಾಡಿದವರೂ ಪಾಲಿಗೆ ಮಾಡಿದವರೂ 11ಕ್ಕೆ ಬರುತ್ತಾರೆ, ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಚಿಂತೆಯಿಲ್ಲ. ಪಿಯುಸಿ, ಡಿಗ್ರಿ ಮುಗಿಸಿ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ಹುಡುಗರನ್ನು ಮನೆಯವರು 'ಓದ್ಲಿಕತ್ತಾನ್ರಿ' ಎನ್ನುತ್ತಾರೆ. ಕಾಲೇಜಿಗೆ ಹೆಸರು ಹಚ್ಚಿಲ್ಲ, ಕೆಲಸ ಸಿಕ್ಕರೆ ನಾಳೆಯೇ ಸೇರುತ್ತಾನೆ ಎಂದಾದರೆ ಅವನು 81, 91 ಅಲ್ಲ. ಧಾರವಾಡದಲ್ಲೋ ವಿಜಯಪುರದಲ್ಲೋ ರೂಮು ಮಾಡಿಕೊಂಡಿರುವವರನ್ನೂ ಕೇಳಿ ಬರೆದುಕೊಳ್ಳಿ. ಓದಿದವರ ನಿರುದ್ಯೋಗ ಈ ಒಂದು ಸಂಕೇತದ ತಪ್ಪಿನಿಂದಲೇ ಅಡಗಿಹೋಗುತ್ತದೆ.

ವರ್ಷದ ದಿನ ಕೇಳುವಾಗ ಇಂಗ್ಲಿಷ್ ತಿಂಗಳು ಹೇಳಿ ಪ್ರಯೋಜನವಿಲ್ಲ. ಹಬ್ಬದಿಂದ ಹಬ್ಬಕ್ಕೆ ಕೇಳಿ. ಯುಗಾದಿಯಿಂದ ಕಾರ ಹುಣ್ಣಿಮೆಗೆ ಸುಮಾರು 75 ದಿನ, ಅಲ್ಲಿಂದ ನಾಗರ ಪಂಚಮಿಗೆ 50, ಪಂಚಮಿಯಿಂದ ದಸರೆಗೆ 65, ದಸರೆಯಿಂದ ಎಳ್ಳ ಅಮಾವಾಸ್ಯೆಗೆ 80, ಅಲ್ಲಿಂದ ಶಿವರಾತ್ರಿಗೆ ಎರಡು ತಿಂಗಳು, ಶಿವರಾತ್ರಿಯಿಂದ ಯುಗಾದಿಗೆ ಒಂದು. ಪ್ರತಿ ತುಂಡಿನಲ್ಲಿ ಎಷ್ಟು ದಿನ ದುಡಿದರು, ಎಲ್ಲಿ ದುಡಿದರು. ಅಧಿಕ ಮಾಸ ಬಂದ ವರ್ಷ ಒಂದು ತುಂಡು ಉದ್ದವಾಗುತ್ತದೆ: 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಯುಗಾದಿ–ಕಾರ ಹುಣ್ಣಿಮೆಯ ನಡುವೆ 100 ದಿನ ದಾಟುತ್ತದೆ. ದುಡಿದ ದಿನವನ್ನು ಆ ತುಂಡಿನ ಒಟ್ಟು ದಿನದಿಂದ ಭಾಗಿಸಿ ಬರೆದರೆ ಮಾತ್ರ ಹೋದ ವರ್ಷದ ಜೊತೆ ಹೋಲಿಸಲು ಬರುತ್ತದೆ.

ಆದಾಯ ಕೇಳಬೇಡಿ. ಚೀಲ ಹಾಕಿಕೊಂಡು ಪೆನ್ನು ಹಿಡಿದು ಬಂದವರನ್ನು ಕಂಡರೆ ಈಗ ಮೊದಲ ಅನುಮಾನವೇ ರೇಷನ್ ಕಾರ್ಡು ಕಟ್ ಆಗುತ್ತದೆ, ಗೃಹಲಕ್ಷ್ಮಿ ದುಡ್ಡು ನಿಲ್ಲುತ್ತದೆ ಎಂಬುದು. ಆ ಹೆದರಿಕೆಯಲ್ಲಿ ದುಡಿಯುವವರೂ 'ಖಾಲಿ ಅದೀವಿ' ಎನ್ನುತ್ತಾರೆ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರದ ಗೊಡವೆಗೆ ಹೋಗದೆ ದಿನ ಮತ್ತು ದಿನಗೂಲಿಯ ದರ ಮಾತ್ರ ಕೇಳಿ. ಸಂಘದ ಒಬ್ಬ ಸದಸ್ಯೆ ಜೊತೆಗಿದ್ದರೆ ಅರ್ಧ ಅನುಮಾನ ಅಲ್ಲೇ ಇಳಿಯುತ್ತದೆ.

ಬೀಗ ಹಾಕಿದ ಮನೆ

ಚೀಟಿಯಲ್ಲಿ ಬಂದ ಮನೆಗೆ ಬೀಗವಿದ್ದರೆ ಪಕ್ಕದ ಮನೆಯನ್ನು ಬದಲಿಗೆ ಹಿಡಿಯುವುದು ಸಾಮಾನ್ಯ ರೂಢಿ. ಈ ಭಾಗದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಆ ಬೀಗವೇ ನಿಮ್ಮ ಸಮೀಕ್ಷೆಯ ಮುಖ್ಯ ಉತ್ತರ. ಬಾಜೂ ಮನೆಯವರನ್ನು ಕೇಳಿ ಎಷ್ಟು ಮಂದಿ, ಯಾವ ಹಬ್ಬದ ನಂತರ, ಎಲ್ಲಿಗೆ, ಯಾರ ಜೊತೆ ಹೋದರು, ಮುಂಗಡ ತೆಗೆದುಕೊಂಡಿದ್ದಾರೆಯೇ, ಮುದುಕರು, ಮಕ್ಕಳು ಯಾರ ಹತ್ತಿರ ಇದ್ದಾರೆ ಎಂದು ಬರೆದುಕೊಳ್ಳಿ. ಗೋವಾ, ಪುಣೆ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಬೇರೆ, ಕಬ್ಬು ಕಡಿಯಲು ಹೋದವರು ಬೇರೆ, ಎರಡನ್ನೂ ಒಂದೇ ಸಾಲಿಗೆ ತುರುಕಬೇಡಿ.

ಕಬ್ಬಿನ ಗ್ಯಾಂಗಿನಲ್ಲಿ ಗಂಡ–ಹೆಂಡತಿ ಜೋಡಿಯನ್ನೇ ಒಂದು ಎಣಿಕೆಯಾಗಿ ಹಿಡಿದು ಮುಂಗಡ ಕೊಡುವ ರೂಢಿಯಿದೆ, ದುಡ್ಡು ಗಂಡನ ಕೈಗೆ. 'ನಮ್ಮವರು ಕಬ್ಬಿಗೆ ಹೋಗಿದ್ರು' ಎಂಬ ಮಾತಿನಲ್ಲಿ ಕಡಿದದ್ದನ್ನು ಹೊರೆ ಕಟ್ಟಿ ಟ್ರ್ಯಾಕ್ಟರಿಗೆ ಹೊತ್ತುಹಾಕಿದ ಹೆಂಗಸಿನ ನಾಲ್ಕೈದು ತಿಂಗಳು ಅಡಗಿರುತ್ತದೆ. ಇಬ್ಬರನ್ನೂ ಬೇರೆ ಬೇರೆ ಬರೆಯಿರಿ.

ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದವರು ಸಮೀಕ್ಷೆಯ ನಿಯಮದಂತೆ ಆ ಮನೆಯ ಸದಸ್ಯರಲ್ಲ. ನವೆಂಬರ್‌ನಲ್ಲಿ ಹೋಗಿ ಮಾರ್ಚಿಗೆ ಬರುವ ಗ್ಯಾಂಗಿನವರು ಸದಸ್ಯರೇ.

ನೇಕಾರರ ಊರಲ್ಲಿ

ಇಳಕಲ್, ಗುಳೇದಗುಡ್ಡ, ರಬಕವಿ–ಬನಹಟ್ಟಿ ಸುತ್ತ ಮಗ್ಗದ ಮನೆಗಳಿಗೆ ವಾರದ ಲೆಕ್ಕದಲ್ಲಿ ನಿರುದ್ಯೋಗ ಸೊನ್ನೆಯ ಹತ್ತಿರ ಬರುತ್ತದೆ, ಏಕೆಂದರೆ ಹೆಚ್ಚುಕಡಿಮೆ ಎಲ್ಲರೂ ವಾರದಲ್ಲಿ ಒಂದು ಗಂಟೆಯಾದರೂ ಮಗ್ಗದ ಕೆಲಸಕ್ಕೆ ಕೂತಿರುತ್ತಾರೆ. ಅಲ್ಲಿ ಕೇಳಬೇಕಾದದ್ದು ಮಾಲೀಕ ನೂಲು ಎಷ್ಟು ದಿನ ತಡವಾಗಿ ಕೊಟ್ಟ, ಪವರ್‌ಲೂಮ್ ಆದರೆ ಕರೆಂಟು ಎಷ್ಟು ಹೊತ್ತು ಇರಲಿಲ್ಲ, ಕಳೆದ ತಿಂಗಳು ಎಷ್ಟು ಸೀರೆ ಇಳಿಯಿತು, ಒಂದು ಸೀರೆಗೆ ಕೂಲಿ ಎಷ್ಟು. ಕಂಡಿಕೆಗೆ ನೂಲು ಸುತ್ತುವ ಅಜ್ಜಿಯನ್ನೂ ಸೊಸೆಯನ್ನೂ 21ರಲ್ಲಿ ಸೇರಿಸಿ.

ಸರ್ಕಾರಿ ದಾಖಲೆ ಎಷ್ಟು ನಂಬಬೇಕು

ಉದ್ಯೋಗ ಖಾತ್ರಿಯ ಅಂಕಿಗಳು ಪಂಚಾಯಿತಿವಾರು, ತಿಂಗಳುವಾರು ಜಾಲತಾಣದಲ್ಲಿ ಸಿಗುತ್ತವೆ. ಬೇಡಿಕೆ, ಕೊಟ್ಟ ಕೆಲಸ, ಮಾನವ ದಿನ ಮೂರನ್ನೂ ಬರೆದುಕೊಳ್ಳಿ. ಬೇಡಿಕೆ ಮತ್ತು ಕೊಟ್ಟ ಕೆಲಸ ತಿಂಗಳು ತಿಂಗಳೂ ಹೆಚ್ಚುಕಡಿಮೆ ಒಂದೇ ಇದ್ದರೆ ಖುಷಿಪಡಬೇಡಿ. ಕಾಮಗಾರಿ ಮಂಜೂರಾದ ಮೇಲೆ ಕಾಯಕ ಬಂಧುವಿನ (ಕೂಲಿಕಾರರ ಗುಂಪಿನ ಮುಂದಾಳಿನ) ಮೂಲಕ ಅರ್ಜಿ ತುಂಬಿಸಿದ್ದಾರೆ, ಕೆಲಸ ಇಲ್ಲದ ತಿಂಗಳು ಅರ್ಜಿಯನ್ನೇ ತೆಗೆದುಕೊಂಡಿಲ್ಲ ಎಂದು ಅದರ ಅರ್ಥ ಇರಬಹುದು. 2005ರ ಕಾಯ್ದೆಯ ಪ್ರಕಾರ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ, ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೂ ನಂತರ ಅರ್ಧಕ್ಕೂ ಕಡಿಮೆಯಿಲ್ಲದಂತೆ. ಈ ಗಡುವು ಶುರುವಾಗುವುದು ದಿನಾಂಕವಿರುವ ಸ್ವೀಕೃತಿಯಿಂದ, ಅದಕ್ಕೇ ನಮೂನೆ 6ರ (ಕೆಲಸ ಕೇಳುವ ಅರ್ಜಿಯ) ಸ್ವೀಕೃತಿ ಕೊಡಲು ಹಿಂದೇಟು ಹಾಕುವುದು. ನಿಮ್ಮ ಪ್ರಶ್ನಾವಳಿಯಲ್ಲಿ 'ಕೇಳಿದ್ರಿ, ಸ್ವೀಕೃತಿ ಸಿಕ್ಕಿತೇ?' ಎಂಬ ಒಂದು ಸಾಲು ಇರಲಿ. ಕರ್ನಾಟಕದಲ್ಲಿ ಈ ಕೂಲಿ 2023–24ರಲ್ಲಿ ₹316, 2024–25ರಲ್ಲಿ ₹349, 2025–26ರಲ್ಲಿ ₹370. ಊರಿನ ಹೊಲದ ಕೂಲಿಯನ್ನು ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಬರೆದು ಇದರ ಪಕ್ಕ ಇಡಿ. ಹೆಂಗಸರು ಯಾಕೆ ಖಾತ್ರಿ ಕೆಲಸವನ್ನು ಹೆಚ್ಚು ಕೇಳುತ್ತಾರೆ ಎಂಬುದು ಆ ಒಂದು ಸಾಲಿನಲ್ಲೇ ಕಾಣುತ್ತದೆ. 2025ರ ಡಿಸೆಂಬರ್‌ನಲ್ಲಿ 100 ದಿನದ ಬದಲು 125 ದಿನದ ಹೊಸ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿರುವುದರಿಂದ, ಹಳೆಯ ಕಾಯ್ದೆಯ ವರ್ಷಗಳ ಅಂಕಿಯನ್ನೂ ಹೊಸ ಕಾಯ್ದೆಯ ವರ್ಷಗಳ ಅಂಕಿಯನ್ನೂ ಒಂದೇ ಗೆರೆಯಲ್ಲಿ ಎಳೆಯಬೇಡಿ.

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯ ನೋಂದಣಿ ಸಂಖ್ಯೆ ನಿರುದ್ಯೋಗಿಗಳ ಸಂಖ್ಯೆಯಲ್ಲ: ಕೆಲಸ ಸಿಕ್ಕವರು ಹೆಸರು ತೆಗೆಸುವುದಿಲ್ಲ, ಸಿಗದವರು ಬಹಳಷ್ಟು ಮಂದಿ ಅಲ್ಲಿಗೆ ಹೋಗುವುದೇ ಇಲ್ಲ. ಯುವನಿಧಿ ಪಟ್ಟಿ ತೇರ್ಗಡೆಯಾಗಿ 180 ದಿನ ಕೆಲಸ ಸಿಗದ ಪದವೀಧರರು, ಡಿಪ್ಲೊಮಾದವರಿಗೆ ಮಾತ್ರ ಸೀಮಿತ. ಕಟ್ಟಡ ಕಾರ್ಮಿಕರ ಕಾರ್ಡಿನ ಸಂಖ್ಯೆಯನ್ನಂತೂ ಊರಿನ ಗೌಂಡಿಗಳ ಸಂಖ್ಯೆ ಎಂದು ಬರೆಯಲೇಬೇಡಿ.

ಲೆಕ್ಕ

ಒಂದು ಕಲ್ಪಿತ ಊರು. 15 ದಾಟಿದವರು 240. ಮೇ ವಾರದಲ್ಲಿ ದುಡಿದವರು 118, ಹುಡುಕಿಯೂ ಸಿಗದವರು 14. ದುಡಿಮೆಗೆ ಬಂದವರು ಒಟ್ಟು 132, ಅಂದರೆ 240ರಲ್ಲಿ ಶೇ 55. ನಿರುದ್ಯೋಗದ ದರ 14 ÷ 132, ಶೇ 10.6. ಭಾಜಕ 132 ಎಂಬುದನ್ನು ಗಮನಿಸಿ. 240ರಿಂದ ಭಾಗಿಸಿ ಶೇ 5.8 ಎಂದು ಬರೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅಕ್ಟೋಬರ್‌ನಲ್ಲಿ ದುಡಿದವರು 156, ಸಿಗದವರು 6, ಒಟ್ಟು 162, ದರ ಶೇ 3.7.

ಈಗ ಮೇ ತಿಂಗಳ ದಿನದ ಲೆಕ್ಕ. 118 ಮಂದಿ 7 ದಿನದಲ್ಲಿ 826 ದಿನ ದುಡಿಯಬಹುದಿತ್ತು, ದುಡಿದದ್ದು 590. ಉಳಿದ 236ರಲ್ಲಿ ತಾವೇ ಬೇಡವೆಂದದ್ದು 80, ಸಿಗದೆ ಹೋದದ್ದು 156. ಪೂರ್ತಿ ಖಾಲಿ ಇದ್ದ 14 ಮಂದಿಯ 98 ದಿನ ಸೇರಿಸಿದರೆ 254. ದುಡಿಮೆಗೆ ಲಭ್ಯವಿದ್ದ ದಿನ 590 + 254 = 844. ದರ ಶೇ 30.1. ತಲೆ ಎಣಿಸಿದರೆ ಹತ್ತರಲ್ಲಿ ಒಬ್ಬ, ದಿನ ಎಣಿಸಿದರೆ ಹತ್ತರಲ್ಲಿ ಮೂರು ದಿನ ಖಾಲಿ. ಎರಡೂ ಅದೇ ಊರು, ಅದೇ ವಾರ.

ಇನ್ನು ಆ 14 ಮಂದಿಯಲ್ಲಿ 10 ಮಂದಿ ಕೆಲಸಕ್ಕಾಗಿ ಗೋವಾಕ್ಕೆ ಹೋದರು ಎನ್ನಿ. ನೀವು ಊರಲ್ಲಿ ಇದ್ದವರನ್ನಷ್ಟೇ ಎಣಿಸಿದರೆ ದರ 4 ÷ 122, ಶೇ 3.3ಕ್ಕೆ ಇಳಿಯುತ್ತದೆ. ಊರಲ್ಲಿ ಒಂದು ಕೆಲಸವೂ ಹೆಚ್ಚಾಗಿಲ್ಲ. ಅದಕ್ಕೇ ನಿರುದ್ಯೋಗದ ದರದ ಪಕ್ಕದಲ್ಲೇ ಗುಳೆ ಹೋದವರ ಸಂಖ್ಯೆ ಅಚ್ಚಾಗಬೇಕು.

80 ಮನೆಯ ಮಾದರಿಯಲ್ಲಿ ಮೇ ತಿಂಗಳ ಶೇ 10.6ಕ್ಕೆ ಆಚೆ–ಈಚೆ 5 ಅಂಶ ಜಾಗ ಬಿಡಬೇಕು. ಎರಡು ಸುತ್ತಿನ ನಡುವಿನ 6.9 ಅಂಶದ ವ್ಯತ್ಯಾಸಕ್ಕೆ ತಪ್ಪಿನ ಅಂಚೇ ಸುಮಾರು 6, ಒಂದೇ ಮನೆಯವರ ಉತ್ತರಗಳು ಒಂದನ್ನೊಂದು ಹೋಲುವುದರಿಂದ ನಿಜವಾದ ಅಂಚು ಇನ್ನೂ ಅಗಲ. ಒಂದೆರಡು ಅಂಶ ಏರಿತು, ಇಳಿಯಿತು ಎಂದು ಗ್ರಾಮಸಭೆಯಲ್ಲಿ ಹೇಳಲು ಹೋಗಬೇಡಿ. ಎರಡೂ ಸುತ್ತಿಗೆ ಅವೇ ಮನೆಗಳಿಗೆ ಹೋದರೆ ಬದಲಾವಣೆ ಸ್ವಲ್ಪ ಗಟ್ಟಿಯಾಗಿ ಕಾಣುತ್ತದೆ.

ಹಿಂದಿನ ವರ್ಷಗಳ ಜೊತೆ ಹೋಲಿಸುವಾಗ

2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಗೂ ಮುಖ್ಯ ದುಡಿಮೆಗಾರರು (ಆರು ತಿಂಗಳು ಅಥವಾ ಹೆಚ್ಚು), ಅಲ್ಪಾವಧಿ ದುಡಿಮೆಗಾರರು (ಆರು ತಿಂಗಳಿಗಿಂತ ಕಡಿಮೆ), ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು, ಇತರರು ಎಂಬ ಲೆಕ್ಕವಿದೆ. ಇದನ್ನು ವಾರದ ಸ್ಥಿತಿಯ ಜೊತೆ ಹೋಲಿಸಬಾರದು. ನಿಮ್ಮ ಹಬ್ಬದ ಲೆಕ್ಕದಿಂದ 183 ದಿನ ದಾಟಿದವರು, ದಾಟದವರು ಎಂದು ವಿಂಗಡಿಸಿ ಆಮೇಲೆ ಇಡಿ.

ತಾಲೂಕು ಮಟ್ಟಕ್ಕೆ ಹೋದರೆ ಗಡಿಯ ತೊಡಕು. 1997ಕ್ಕೆ ಮೊದಲು ಬಾಗಲಕೋಟೆ ವಿಜಾಪುರ ಜಿಲ್ಲೆಯೊಳಗೇ ಇತ್ತು. 2011ರ ಪುಸ್ತಕದಲ್ಲಿ ತಿಕೋಟಾ, ಬಬಲೇಶ್ವರ, ಚಡಚಣ, ತಾಳಿಕೋಟೆ, ಇಳಕಲ್, ಗುಳೇದಗುಡ್ಡ, ನಿಪ್ಪಾಣಿ, ಮೂಡಲಗಿ, ಕಾಗವಾಡ ಎಂಬ ತಾಲೂಕುಗಳಿಲ್ಲ. ಹಳ್ಳಿ ಹಳ್ಳಿಯ ಅಂಕಿ ಕೂಡಿಸಿ ಈಗಿನ ತಾಲೂಕನ್ನು ನೀವೇ ಕಟ್ಟಿಕೊಳ್ಳಬೇಕು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಹೆಸರು ಒಂದೇ ಇದ್ದರೂ ಜಾಗ ಬೇರೆ, ಹೊಲ ಹೋಗಿದೆ. ಅಂಥ ಊರಿನ 'ಸಾಗುವಳಿದಾರರು ಕಡಿಮೆಯಾದರು' ಎಂಬ ಸಾಲಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಪಿಎಲ್‌ಎಫ್‌ಎಸ್ ವಿಧಾನ 2025ರ ಜನವರಿಯಿಂದ ಬದಲಾಗಿ ತಿಂಗಳ ಅಂಕಿಗಳೂ ಬರುತ್ತಿವೆ, ಮೊದಲು ಜುಲೈಯಿಂದ ಜೂನ್‌ವರೆಗೆ ಇದ್ದ ವರ್ಷ ಈಗ ಜನವರಿಯಿಂದ ಡಿಸೆಂಬರ್. ಉದ್ಯೋಗ ಖಾತ್ರಿಯದು ಏಪ್ರಿಲ್‌ನಿಂದ ಮಾರ್ಚ್. ಮೂರನ್ನೂ ಒಂದೇ ಕೋಷ್ಟಕದಲ್ಲಿ ಇಡುವಾಗ ತಲೆಪಟ್ಟಿಯಲ್ಲಿ ತಿಂಗಳು ಬರೆಯಿರಿ. ಮಳೆ ತಪ್ಪಿದ ವರ್ಷವನ್ನು ಆಧಾರ ವರ್ಷ ಮಾಡಿಕೊಂಡರೆ ಮುಂದಿನದೆಲ್ಲ ಏರಿಕೆಯಾಗಿಯೇ ಕಾಣುತ್ತದೆ. ಕರ್ನಾಟಕದಲ್ಲಿ 2023 ಬರದ ವರ್ಷ, ಅದರಿಂದ ಗೆರೆ ಎಳೆಯಲು ಶುರು ಮಾಡಬೇಡಿ.

ಮುಂದಿನ ಸಾಲಿನ ಕಾಮಗಾರಿ ಪಟ್ಟಿ ತಯಾರಿ ಅಕ್ಟೋಬರ್ 2ರ ಗ್ರಾಮಸಭೆಯಿಂದ ಶುರುವಾಗುವುದು ಖಾತ್ರಿ ಯೋಜನೆಯ ರೂಢಿ. ಮೇ ಸುತ್ತಿನ ಫಲಿತಾಂಶವನ್ನು ಸೆಪ್ಟೆಂಬರ್ ಒಳಗೆ ಒಂದು ಹಾಳೆಗೆ ಇಳಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕೈಗೆ ಕೊಡಿ: ಯಾವ ಹಬ್ಬದಿಂದ ಯಾವ ಹಬ್ಬದವರೆಗೆ ಎಷ್ಟು ಮಂದಿಗೆ ಎಷ್ಟು ದಿನ ಖಾಲಿ, ಯಾವ ಓಣಿ, ಯಾವ ತಾಂಡಾ. ಮನೆ ಸಂಖ್ಯೆ ಮತ್ತು ಹೆಸರು ಇರುವ ನೋಟ್‌ಬುಕ್ ಮಾತ್ರ ನಿಮ್ಮ ಹತ್ತಿರವೇ ಇರಲಿ, ಮುಂದಿನ ಸುತ್ತಿಗೆ ಅದೇ ಬೇಕು.